ಹಳೆಯ ಜೋಡುನಳಿಗೆ ಬಂದೂಕಿನ ಆರೈಕೆ: ಕಲಬುರಗಿ ಸೀಮೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೆ ವಾಡೆಗಳಲ್ಲಿ, ಗೌಡರ ಮನೆಗಳಲ್ಲಿ, ಅಡವಿ ಅಂಚಿನ ತೋಟದ ಮನೆಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು 12 ಬೋರಿನ ಜೋಡುನಳಿಗೆ ಬಂದೂಕು ಸಿಗುತ್ತದೆ. ಕೆಲವು ನಿಜಾಮರ ಕಾಲದಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಬಂದವು, ಕೆಲವು ಬಿಹಾರದ ಮುಂಗೇರ್‌ನಲ್ಲಿ ತಯಾರಾದವು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಲೈಸೆನ್ಸಿನ ಸಮೇತ ಬಂದ ವಸ್ತು ಅದು. ತೊಗರಿ ಹೊಲಕ್ಕೆ ಹಂದಿ ಹಿಂಡು ನುಗ್ಗುವ ಊರುಗಳಲ್ಲಿ ಅದರ ಸದ್ದಿಗೇ ಬೆಲೆ ಇದೆ.

ಇಂಥ ಬಂದೂಕು ಕೆಡುವುದು ಗುಂಡು ಹಾರಿಸಿ ಹಾರಿಸಿ ಅಲ್ಲ. ಬೇಡದ ಎಣ್ಣೆ, ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ, ಚರ್ಮದ ಚೀಲದೊಳಗಿನ ತೇವ, ಎಲ್ಲಕ್ಕಿಂತ ಹೆಚ್ಚಾಗಿ ಕೈ ತುರಿಸಿದವರ ಸ್ಕ್ರೂಡ್ರೈವರ್: ಈ ನಾಲ್ಕರಿಂದ ಕೆಡುತ್ತದೆ. ಹಾಗಾಗಿ ಈ ಬರಹದಲ್ಲಿ ಬಿಚ್ಚುವ ಮಾತು ಕಡಿಮೆ, ನೋಡುವ ಮಾತು ಹೆಚ್ಚು. ರೋಗ ಯಾವುದೆಂದು ಹೊರಗಿನಿಂದಲೇ ಗುರುತಿಸಿ, ನಾವು ಮಾಡುವಷ್ಟನ್ನು ನಾವು ಮಾಡಿ, ಉಳಿದದ್ದನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ಒಪ್ಪಿಸಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ರಿಪೇರಿ ವ್ಯವಹಾರಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ಊರಿನ ಕಮ್ಮಾರ ಎಷ್ಟೇ ಜಾಣನಿದ್ದರೂ, ವೆಲ್ಡಿಂಗ್ ಅಂಗಡಿಯವನು ಎಷ್ಟೇ ಆಪ್ತನಿದ್ದರೂ ಅವರ ಕೈಗೆ ಕೊಡುವಂತಿಲ್ಲ. ಕೊಟ್ಟರೆ ಇಬ್ಬರಿಗೂ ತೊಂದರೆ.

ಮೊದಲು ಖಾಲಿ ಇದೆಯೇ ನೋಡಿ

ಬಂದೂಕು ಕೈಗೆ ಬಂದ ಕೂಡಲೇ, ಕೊಟ್ಟವರು "ಖಾಲಿ ಅದ" ಎಂದು ಹೇಳಿದ್ದರೂ, ಬಾಯಿಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು ಮೇಲಿನ ಲಿವರ್ ಸರಿಸಿ ತೆರೆಯಿರಿ. ತೋಟಾ ಕೂರುವ ಎರಡೂ ಚೇಂಬರ್‌ಗಳನ್ನು ಕಣ್ಣಿಂದ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಆ ಬಳಿಕ ನಳಿಗೆಯ ಮೂಲಕ ಬೆಳಕು ನೋಡಿ. ಎರಡು ಕಡೆಯೂ ದುಂಡಗಿನ ಬೆಳಕು ಪೂರ್ತಿ ಕಾಣಬೇಕು. ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟ ಮೇಲೆಯೇ ಕೆಲಸಕ್ಕೆ ಕೂರಬೇಕು. ಮಕ್ಕಳು ಮಲಗಿದ ಮೇಲೆ ಈ ಕೆಲಸ ಮಾಡುವುದು ಒಳ್ಳೆಯದು.

ಬೆಳಕು ನೋಡುವುದು ಬರೀ ಶಾಸ್ತ್ರಕ್ಕಲ್ಲ. ನಮ್ಮ ಎರೆಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಹೊಲದ ಬದುವಿಗೆ ಬಂದೂಕು ಆನಿಸಿಟ್ಟಾಗ ಬಾಯಲ್ಲಿ ಹೊಕ್ಕ ಹಿಡಿ ಮಣ್ಣು, ಅಥವಾ ಕಣಜ ಕಟ್ಟಿದ ಮಣ್ಣಿನ ಗೂಡು, ನಳಿಗೆ ಸಿಡಿಸಲು ಸಾಕು. ಇದೇ ಜಾತಿಯ ಇನ್ನೊಂದು ಅಪಾಯ 20 ಬೋರಿನ ತೋಟಾ (ಬೋರಿನ ಸಂಖ್ಯೆ ಹೆಚ್ಚಿದಷ್ಟೂ ತೋಟಾ ಸಣ್ಣದು). ಅದು 12 ಬೋರಿನ ಚೇಂಬರ್ ದಾಟಿ ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ ಕಾಣುತ್ತದೆ. ಅದರ ಹಿಂದೆ 12ರ ತೋಟಾ ಹಾಕಿ ಹಾರಿಸಿದರೆ ನಳಿಗೆ ಒಡೆದು ಮುಂಗೈ ಹೋಗುತ್ತದೆ. 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದೇ ಈ ಕಾರಣಕ್ಕೆ. ಮನೆಯಲ್ಲಿ ಎರಡೂ ಬೋರಿನ ಬಂದೂಕು ಇದ್ದರೆ ತೋಟಾಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಲೇಬೇಡಿ.

ನಿಮ್ಮ ಬಂದೂಕು ಯಾವ ಕಾಲದ್ದು?

ನಳಿಗೆಯ ಕೆಳಗಿನ ಮರದ ಫೋರ್‌ಎಂಡ್ ತೆಗೆದು, ಬಂದೂಕು ತೆರೆದು, ನಳಿಗೆಯ ಜೋಡಿಯನ್ನು ಅದು ಸಿಕ್ಕಿಕೊಂಡಿರುವ ಕೊಕ್ಕೆಯಿಂದ ಎತ್ತಿ ಬೇರೆ ಮಾಡಿ. ಇಷ್ಟಕ್ಕೆ ಯಾವ ಉಪಕರಣವೂ ಬೇಡ. ಒಂದು ಎಚ್ಚರ: ಹೊರಗೆ ಕುದುರೆ (ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ) ಕಾಣದ ಮಾದರಿಯಾಗಿದ್ದರೆ ನಳಿಗೆ ಬೇರೆಯಾಗಿರುವಾಗ ಟ್ರಿಗರ್ ಎಳೆಯಬೇಡಿ. ಒಳಗಿನ ಕುದುರೆ ಬಿದ್ದುಬಿಟ್ಟರೆ ಮತ್ತೆ ಜೋಡಿಸುವುದು ಕಷ್ಟ. ಬಲವಂತ ಮಾಡಿದವರು ಮರ ಸೀಳಿಕೊಂಡಿದ್ದಾರೆ.

ಈಗ ನಳಿಗೆಯ ಹೊಟ್ಟೆಯ ಭಾಗದಲ್ಲಿ, ಚೇಂಬರ್‌ನ ಕೆಳಗೆ, ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. ಇವು ಪ್ರೂಫ್ ಮುದ್ರೆಗಳು. ಹೆಚ್ಚಿನ ಮದ್ದು ತುಂಬಿ ಪರೀಕ್ಷಿಸಿ ಪಾಸು ಮಾಡಿದ ಗುರುತು. ಬರ್ಮಿಂಗ್‌ಹ್ಯಾಮ್‌ನ 1904ರ ಬಳಿಕದ ಬಂದೂಕಿನಲ್ಲಿ ಕಿರೀಟದ ಕೆಳಗೆ ಎನ್‌ಪಿ ಎಂಬ ಅಕ್ಷರಗಳಿದ್ದರೆ ಅದು ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದು. ಆ ಗುರುತು ಕಾಣದಿದ್ದರೆ ಅದು ಹಳೆಯ ಕರಿಮದ್ದಿನ ಬಂದೂಕೇ ಎಂದು ತಿಳಿದು ನಡೆಯಿರಿ. ನಳಿಗೆಯ ಮೈಮೇಲೆ ಅಲೆಅಲೆಯಾದ, ಹೆಣೆದಂಥ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ: ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ್ದು. ನೋಡಲು ಬಲು ಚೆಂದ, ಆದರೆ ಬೆಸುಗೆಯ ಸಂದಿಯಲ್ಲಿ ಒಳಗೊಳಗೇ ಜಂಗು ಹಿಡಿದಿದ್ದರೆ ಹೊರಗೆ ತಿಳಿಯುವುದಿಲ್ಲ. ಗನ್‌ಸ್ಮಿತ್ ಒಪ್ಪದೆ ಅದರಲ್ಲಿ ಇಂದಿನ ತೋಟಾ ಹಾಕಲೇಬೇಡಿ. ಒಪ್ಪದಿದ್ದರೆ ಅದನ್ನು ಮನೆತನದ ನೆನಪಾಗಿ ಇಟ್ಟುಕೊಳ್ಳುವುದೇ ಸರಿ.

ಚೇಂಬರ್‌ನ ಉದ್ದವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ಬಹುಪಾಲು ಎರಡೂವರೆ ಇಂಚಿನವು, ಅಂದರೆ 65 ಮಿಲಿಮೀಟರ್. ಈಗ ಸಿಗುವ ಎಷ್ಟೋ ತೋಟಾಗಳು 70 ಮಿಲಿಮೀಟರ್. ಮೋಸ ಇರುವುದು ಇಲ್ಲೇ: 70ರ ತೋಟಾ 65ರ ಚೇಂಬರ್‌ಗೆ ಸಲೀಸಾಗಿ ಹೋಗುತ್ತದೆ, ಬಂದೂಕು ಸಲೀಸಾಗಿ ಮುಚ್ಚುತ್ತದೆ. ಏಕೆಂದರೆ ಡಬ್ಬಿಯ ಮೇಲೆ ಬರೆದ ಉದ್ದ ತೋಟಾ ಹಾರಿ, ಅದರ ಬಾಯಿ ಬಿಚ್ಚಿಕೊಂಡ ಮೇಲಿನದು. ಹಾರಿದಾಗ ಬಿಚ್ಚಿಕೊಂಡ ಬಾಯಿ ಚೇಂಬರ್ ದಾಟಿ ಕಿರಿದಾದ ಜಾಗಕ್ಕೆ ಹೋಗುತ್ತದೆ, ಒತ್ತಡ ಏರುತ್ತದೆ. ಗನ್‌ಸ್ಮಿತ್ ಬಳಿ ಗೇಜ್ ಇರುತ್ತದೆ. ಒಮ್ಮೆ ಅಳೆಸಿ, ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಲೈಸೆನ್ಸ್ ಪುಸ್ತಕದಲ್ಲಿ ಇಟ್ಟುಕೊಳ್ಳಿ.

ನಳಿಗೆ ತೊಳೆಯುವ ಬಗೆ

ಗಜ, ಅಂದರೆ ನಳಿಗೆ ತಿಕ್ಕುವ ಕೋಲು, ತೊಳೆಯುವಾಗ ಯಾವಾಗಲೂ ಚೇಂಬರ್ ಕಡೆಯಿಂದ ಬಾಯಿಯ ಕಡೆಗೆ ಹೋಗಬೇಕು. ಮರದ ಗಜ ಇದ್ದರೆ ಸಾಕು. ಕಬ್ಬಿಣದ ಸರಳಿಗೆ ಅರಿವೆ ಸುತ್ತಿ ತಿಕ್ಕುವುದು ಬೇಡ. ಮೊದಲು ಒಣ ಅರಿವೆ ಹಾಯಿಸಿ ಸಡಿಲ ಕೊಳೆ ತೆಗೆಯಿರಿ. ಆಮೇಲೆ ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆ ಹಾಯಿಸಿ ಹತ್ತು ನಿಮಿಷ ಬಿಡಿ. ಬಳಿಕ ಕಂಚಿನ ತಂತಿಯ ಬ್ರಶ್. ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲಿ ಚರೆಯ ಸೀಸ ಬೂದು ಗೆರೆಗಳಾಗಿ ಅಂಟಿರುತ್ತದೆ. ತೋಟಾ ಸಿಕ್ಕಿಕೊಳ್ಳುವ ದೂರಿಗೆ ಅನೇಕ ಸಲ ಚೇಂಬರ್‌ನೊಳಗಿನ ಕೊಳೆಯೇ ಕಾರಣ. ಅಲ್ಲಿ ಬ್ರಶ್ಶನ್ನು ತಾಳ್ಮೆಯಿಂದ ಆಡಿಸಿ. ಅರಿವೆ ಬೆಳ್ಳಗೆ ಬರುವವರೆಗೂ ಒಣಗಿಸಿ, ಕೊನೆಗೆ ಗನ್ ಆಯಿಲ್ ಎರಡು ಹನಿ ಹಾಕಿದ ಅರಿವೆ ಒಂದೇ ಸಲ ಹಾಯಿಸಿ. ಮತ್ತೆ ಹಾರಿಸುವ ಮುನ್ನ ಆ ಎಣ್ಣೆಯನ್ನೂ ಒರೆಸಿ ತೆಗೆಯಬೇಕು.

ಕರಿಮದ್ದು ಬಳಸಿದ್ದರೆ, ಅಥವಾ ಬಹಳ ಹಳೆಯ ದಾಸ್ತಾನಿನ ತೋಟಾ ಹಾರಿಸಿದ್ದರೆ, ಎಣ್ಣೆಯಿಂದ ಕೆಲಸ ಆಗುವುದಿಲ್ಲ. ತೋಟಾದ ಹಿಂಬದಿಯಲ್ಲಿ ಮದ್ದಿಗೆ ಕಿಡಿ ಕೊಡುವ ಹಳೆಯ ಕ್ಯಾಪ್‌ಗಳಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ಎಣ್ಣೆಯಲ್ಲಿ ಕರಗದು, ಚಿಮಣಿ ಎಣ್ಣೆಯಲ್ಲೂ ಕರಗದು. ಗಾಳಿಯ ತೇವ ಹೀರಿಕೊಂಡು ಎಣ್ಣೆಯ ಕೆಳಗೇ ಉಕ್ಕನ್ನು ತಿನ್ನುತ್ತದೆ. ಇದಕ್ಕೆ ಮದ್ದು ಬಿಸಿನೀರು. ನಳಿಗೆಗಳನ್ನು ಮಾತ್ರ ಬೇರೆ ಮಾಡಿ, ಬಾಯಿ ಕೆಳಗೆ ಹಿಡಿದು ಬಿಸಿನೀರು ಸುರಿದು ತೊಳೆದು, ಕಾವಿರುವಾಗಲೇ ಒರೆಸಿ ಪೂರ್ತಿ ಒಣಗಿಸಿ ಎಣ್ಣೆ ಹಚ್ಚಿ. ನೀರು ಕಂಡರೆ ಹೆದರುವವರು ಇದನ್ನು ನಂಬುವುದಿಲ್ಲ. ಆದರೆ ಕರಿಮದ್ದಿನ ಕಾಲದ ಬಂದೂಕುಗಳು ಉಳಿದು ಬಂದದ್ದು ನೀರಿನಿಂದಲೇ.

ತೊಳೆದ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ತಿರುಗಿಸುತ್ತಾ ಒಳಗೆ ನೋಡಿ. ಒಳಗೋಡೆಯ ಮೇಲೆ ಬೆಳಕಿನ ಉಂಗುರಗಳು ಒಂದರೊಳಗೊಂದು ಸಮವಾಗಿ ಕಾಣಬೇಕು. ಒಂದು ಕಡೆ ಉಂಗುರ ಸೊಟ್ಟಗಾಗಿ ಅರ್ಧಚಂದ್ರದ ನೆರಳು ಬಿದ್ದರೆ ಅಲ್ಲಿ ಹೊರಗಿನಿಂದ ತಗ್ಗು ಬಿದ್ದಿದೆ. ಸುತ್ತಲೂ ಕಪ್ಪು ಬಳೆಯಂತೆ ನೆರಳಿದ್ದರೆ ಅಲ್ಲಿ ನಳಿಗೆ ಉಬ್ಬಿದೆ. ಹಿಂದೊಮ್ಮೆ ಏನೋ ಅಡ್ಡವಿದ್ದು ಹಾರಿಸಿದ್ದಾರೆ ಎಂದರ್ಥ. ಉಬ್ಬಿದ ನಳಿಗೆಯಲ್ಲಿ ಮತ್ತೆ ಹಾರಿಸಬಾರದು. ಕಪ್ಪು ಚುಕ್ಕೆಗಳು ಜಂಗಿನ ಕುಳಿಗಳು. ಬಾಯಿಯ ಹತ್ತಿರ ಒಂದೆರಡಿದ್ದರೆ ಗನ್‌ಸ್ಮಿತ್‌ಗೆ ತೋರಿಸಿ ನಡೆಸಬಹುದು. ಚೇಂಬರ್ ಬಳಿ ಆಳವಾದ ಕುಳಿಯಿದ್ದರೆ ಬಂದೂಕು ಬದಿಗಿಡಿ.

ಎರಡು ನಳಿಗೆಗಳ ನಡುವಿನ ಪಟ್ಟಿ ಸಡಿಲವಾಗಿದೆಯೇ ತಿಳಿಯಲು ನಳಿಗೆಯ ಜೋಡಿಯನ್ನು ಕೊಕ್ಕೆಯ ಹತ್ತಿರ ಬೆರಳಿನಿಂದ ತೂಗಿಹಿಡಿದು ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿ. ಗುಡಿಯ ಗಂಟೆಯಂತೆ ಉದ್ದವಾಗಿ ಮೊಳಗಿದರೆ ಬೆಸುಗೆ ಗಟ್ಟಿ. ಬಡಬಡ ಎಂದು ಒಣಸದ್ದು ಬಂದರೆ ಬೆಸುಗೆ ಎಲ್ಲೋ ಬಿಟ್ಟಿದೆ, ಅದರೊಳಗೆ ತೇವ ಹೋಗುತ್ತಿದೆ. ನೀವೇ ಬೆಸೆಯಲು ಹೋದರೆ ಕಾವಿಗೆ ಉಳಿದ ಬೆಸುಗೆಯೂ ಬಿಡುತ್ತದೆ. ಗನ್‌ಸ್ಮಿತ್ ಮಾಡಲಿ.

ಬಾಗಿಲು ಸಡಿಲ, ಲಿವರ್ ಎಡಕ್ಕೆ

ನಳಿಗೆ ಮತ್ತು ಹಿಂದಿನ ಉಕ್ಕಿನ ಗೋಡೆ ಕೂಡುವ ಜಾಗವೇ ಬಂದೂಕಿನ ಪ್ರಾಣ. ಫೋರ್‌ಎಂಡ್ ಇಲ್ಲದೆ ನಳಿಗೆ ಜೋಡಿಸಿ ಮುಚ್ಚಿ. ಒಂದು ಕೈಯಲ್ಲಿ ಕುಂದಾದ (ಹಿಂಬದಿಯ ಮರದ ಭಾಗದ) ಕುತ್ತಿಗೆ, ಇನ್ನೊಂದರಲ್ಲಿ ನಳಿಗೆ ಹಿಡಿದು ಎಡಬಲಕ್ಕೆ, ಮೇಲೆ ಕೆಳಗೆ ಮೆಲ್ಲಗೆ ಅಲುಗಿಸಿ. ಟಕ್ ಟಕ್ ಎಂದರೆ ಸವೆದಿದೆ. ಸಂದಿನಲ್ಲಿ ತೆಳು ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆದು ನೋಡಿ. ಕಾಗದ ಬಿಗಿಯಾಗಿ ಹಿಡಿದರೆ ಸರಿ, ಜಾರಿ ಬಂದರೆ ಸರಿಯಿಲ್ಲ. ಮೇಲಿನ ಲಿವರ್ ಕೂಡ ಕಥೆ ಹೇಳುತ್ತದೆ: ಹೊಸ ಬಂದೂಕಿನಲ್ಲಿ ಅದು ಮುಚ್ಚಿದಾಗ ನಡುಗೆರೆಗಿಂತ ತುಸು ಬಲಕ್ಕೆ ನಿಲ್ಲುತ್ತದೆ. ಸವೆದಂತೆ ನಡುವಿಗೆ ಬಂದು, ಇನ್ನೂ ಸವೆದರೆ ಎಡಕ್ಕೆ ದಾಟುತ್ತದೆ. ಎಡಕ್ಕೆ ದಾಟಿದ ಬಂದೂಕನ್ನು ರಿಪೇರಿಯಾಗದೆ ಹಾರಿಸಬಾರದು.

ಸಡಿಲಾದ ಕೊಕ್ಕೆಗೆ ತಗಡಿನ ತುಂಡು ಸೇರಿಸಿ ಬಿಗಿ ಮಾಡುವವರಿದ್ದಾರೆ. ಎರಡು ದಿನ ಬಿಗಿಯಾಗಿ ಕಂಡು ಮೂರನೆಯ ದಿನ ಮೊದಲಿಗಿಂತ ಸಡಿಲಾಗುತ್ತದೆ, ಮಾರುವವನಿಗೆ ಮಾತ್ರ ಅದರಿಂದ ಲಾಭ.

ಯಾವ ಎಣ್ಣೆ, ಎಲ್ಲಿ, ಎಷ್ಟು

ನಮ್ಮ ಕಡೆ ಮನೆಮನೆಯಲ್ಲೂ ಕುಸುಬಿ ಎಣ್ಣೆ ಇರುತ್ತದೆ, ಕೈಗೆ ಸಿಕ್ಕಿತೆಂದು ಬಂದೂಕಿಗೂ ಹಾಕುತ್ತಾರೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು. ಒಂದು ಬೇಸಿಗೆ ಕಳೆದರೆ ಕ್ಯಾಪಿಗೆ ಬಡಿಯುವ ಪಿನ್ನಿನ ಸುತ್ತ ಜಿಗಟು ಕಟ್ಟಿ ಪಿನ್ ನಿಧಾನವಾಗುತ್ತದೆ. "ಕ್ಯಾಪಿಗೆ ಚುಕ್ಕೆ ಬಿದ್ದದ, ಹಾರಿಲ್ಲ" ಎಂಬ ದೂರಿನ ಹಿಂದೆ ಇಂಥ ಅಂಟು ಎಷ್ಟೋ ಸಲ ಇರುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ: ಬೀದರ್‌ನ ಚಳಿಗಾಲದ ರಾತ್ರಿಯಲ್ಲಿ ಅದು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಬಂದೂಕಿನೊಳಗೂ ಹಾಗೆಯೇ. ಲೋಹಕ್ಕೆ ತೆಳುವಾದ ಗನ್ ಆಯಿಲ್, ಅದು ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ. ಪಿನ್ನಿನ ತೂತಿನ ಬಳಿ ಸೂಜಿಯ ತುದಿಯಿಂದ ಒಂದು ಹನಿ, ಲಿವರಿನ ಬುಡಕ್ಕೆ ಒಂದು ಹನಿ, ಕೊಕ್ಕೆಗೆ ತುಸು ಗ್ರೀಸ್. ಮುಗಿಯಿತು. ಮೈಮೇಲೆ ಎಣ್ಣೆ ಹರಿಯುವಂತಿದ್ದರೆ ಮಾರ್ಚ್–ಮೇ ತಿಂಗಳ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟು ಮತ್ತು ಕಲ್ಲಿನ ಪುಡಿ ಗಾಳಿಯಲ್ಲೇ ಇರುತ್ತದೆ. ಎಣ್ಣೆಯೊಂದಿಗೆ ಸೇರಿದರೆ ಅದು ಉಕ್ಕನ್ನು ತಿಕ್ಕುವ ಪೇಸ್ಟ್ ಆಗುತ್ತದೆ.

ಒಳಗಿನ ಯಂತ್ರ ತೆರೆಯಲು ಸ್ಕ್ರೂ ಬಿಚ್ಚಬೇಡಿ. ಹಳೆಯ ಬಂದೂಕಿನ ಸ್ಕ್ರೂ ತಲೆಯ ಸೀಳು ತೀರಾ ತೆಳುವಾಗಿರುತ್ತದೆ. ಅಂಗಡಿಯ ಸ್ಕ್ರೂಡ್ರೈವರ್ ಅದರಲ್ಲಿ ಕೂರದೆ ತಲೆ ಕೆತ್ತಿಹೋಗುತ್ತದೆ. ಒಳಗಿನ ವಿ ಆಕಾರದ ಸ್ಪ್ರಿಂಗ್ ಬಿಡುಗಡೆಯಾದರೆ ಬೆರಳಿಗೆ ಪೆಟ್ಟು, ಮುರಿದರೆ ಅದಕ್ಕೆ ಬದಲಿ ಸಿಗುವುದು ದುಸ್ತರ.

ಮರಕ್ಕೆ ಬೇಕಾದ್ದು ಅಗಸೆ ಎಣ್ಣೆ. ಕುದಿಸಿ ತಯಾರಿಸಿದ್ದು ಬೇಗ ಒಣಗುತ್ತದೆ, ಗಾಣದ ಹಸಿ ಎಣ್ಣೆಗೆ ದಿನಗಟ್ಟಲೆ ಬೇಕು. ಅಂಗೈಗೆ ನಾಲ್ಕು ಹನಿ ಹಾಕಿ ಬಿಸಿಯಾಗುವವರೆಗೆ ಕುಂದಾ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಒಣಗಲು ಬಿಡಿ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಕಾವೇರಿ ಅರಿವೆಗೆ ಬೆಂಕಿ ಹತ್ತಬಹುದು, ಅದರಲ್ಲೂ ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ. ನೀರಲ್ಲಿ ನೆನೆಸಿಡಿ, ಇಲ್ಲವೇ ಅಂಗಳದಲ್ಲಿ ಬಿಡಿಸಿ ಹರಡಿ. ಉಕ್ಕು ಮತ್ತು ಮರ ಸೇರುವಲ್ಲಿ ಮರ ಕಪ್ಪಾಗಿ, ಉಗುರು ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಾಗಿದ್ದರೆ ಅದು ಹಲವು ವರ್ಷ ಇಳಿದ ಎಣ್ಣೆಯ ಫಲ. ಸೀಮೆಸುಣ್ಣದ ಪುಡಿ ಹಚ್ಚಿ ಬಿಟ್ಟರೆ ಸ್ವಲ್ಪ ಎಣ್ಣೆ ಹೀರುತ್ತದೆ. ಮುಂದೆ ಹಾಗಾಗದಿರಲು ಬಂದೂಕನ್ನು ಬಾಯಿ ಕೆಳಗೆ ಮಾಡಿ, ಅರಿವೆಯ ಮೇಲೆ ನಿಲ್ಲಿಸಿ ಇಡಿ.

ದೂರುಗಳು

ಟ್ರಿಗರ್ ಎಳೆದರೂ ತೋಟಾ ಹಾರದಿದ್ದರೆ ಕೂಡಲೇ ತೆರೆಯಬೇಡಿ. ಬಾಯಿಯನ್ನು ಅದೇ ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಕೆಲವೊಮ್ಮೆ ಮದ್ದು ತಡವಾಗಿ ಹತ್ತುತ್ತದೆ. ತೆರೆದ ಮೇಲೆ ಕ್ಯಾಪ್ ನೋಡಿ. ಆಳವಾದ ಚುಕ್ಕೆ ಬಿದ್ದಿದ್ದರೆ ತಪ್ಪು ತೋಟಾದ್ದು: ಹಳತು, ಇಲ್ಲವೇ ತೇವ. ಚುಕ್ಕೆ ಮೇಲುಮೇಲೆ ಇದ್ದರೆ ಪಿನ್ ಅಂಟಿದೆ ಅಥವಾ ಸ್ಪ್ರಿಂಗ್ ಸೋತಿದೆ. ಚುಕ್ಕೆಯೇ ಇಲ್ಲದಿದ್ದರೆ ಪಿನ್ ಮುರಿದಿರಬಹುದು.

ಸದ್ದು ಎಂದಿನಂತೆ ಬಾರದೆ ಪುಸ್ ಎಂದರೆ ಅದು ಎಲ್ಲಕ್ಕಿಂತ ಅಪಾಯದ್ದು. ತೋಟಾದೊಳಗೆ ಮದ್ದು ಮತ್ತು ಚರೆಯ ನಡುವೆ ಇರುವ ಬೆಣೆ ನಳಿಗೆಯಲ್ಲೇ ಉಳಿದಿರಬಹುದು. ಎರಡನೆಯ ತೋಟಾ ಹಾಕುವ ಮುನ್ನ ನಳಿಗೆಯಲ್ಲಿ ಬೆಳಕು ನೋಡಲೇಬೇಕು.

ಒಂದು ಟ್ರಿಗರ್ ಎಳೆದರೆ ಎರಡೂ ನಳಿಗೆ ಹಾರಿದರೆ, ಬಂದೂಕು ಮುಚ್ಚುವಾಗಲೇ ಕುದುರೆ ಬಿದ್ದರೆ, ಸೇಫ್ಟಿ ಹಾಕಿದ್ದರೂ ಟ್ರಿಗರ್ ಕೆಲಸ ಮಾಡಿದರೆ, ಅಂದೇ ಬಂದೂಕು ನಿಲ್ಲಿಸಿ. ಇದಕ್ಕೆ ಮನೆಮದ್ದು ಇಲ್ಲ.

ತೆರೆದರೂ ಹಾರಿದ ತೋಟಾ ಹೊರಬರದಿದ್ದರೆ ಚಾಕು ಹಾಕಿ ಮೀಟಬೇಡಿ. ಬಾಯಿಯ ಕಡೆಯಿಂದ ಮರದ ಗಜದಲ್ಲಿ ಮೆಲ್ಲಗೆ ತಳ್ಳಿ. ಹಾರದ ತೋಟಾ ಸಿಕ್ಕಿದ್ದರೆ ಗಜವನ್ನೂ ಹಾಕಬೇಡಿ, ಹಾಗೇ ಬಿಟ್ಟು ಗನ್‌ಸ್ಮಿತ್‌ಗೆ ತಿಳಿಸಿ. ಕಾಗದದ ಮೈಯ ಹಳೆ ತೋಟಾಗಳು ಮಳೆಗಾಲದಲ್ಲಿ ಉಬ್ಬುತ್ತವೆ, ಅವನ್ನು ಬಲವಂತವಾಗಿ ಚೇಂಬರ್‌ಗೆ ತುರುಕಬಾರದು.

ವರ್ಷದ ಲೆಕ್ಕ

ಮಿರಗದ ಮಳೆ ಶುರುವಾಗುವ ಮೊದಲು ಒಮ್ಮೆ ಪೂರ್ತಿ ಸ್ವಚ್ಛ ಮಾಡಿ, ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಮೈ ಒರೆಸಿ. ಬೆವರಿನ ಬೆರಳಚ್ಚು ಒಂದು ರಾತ್ರಿಯಲ್ಲಿ ಜಂಗಾಗುತ್ತದೆ. ಚರ್ಮದ ಚೀಲದಲ್ಲಿ, ಗೋಣಿಯಲ್ಲಿ ಸುತ್ತಿ ಇಡಬೇಡಿ. ಎರಡೂ ತೇವ ಹೀರಿ ಲೋಹಕ್ಕೆ ಕೊಡುತ್ತವೆ. ಬೀಗದ ಕಬ್ಬಿಣದ ಕಪಾಟು, ಒಳಗೆ ಸಿಲಿಕಾ ಜೆಲ್ ಚೀಲ, ಅಷ್ಟಿದ್ದರೆ ಸಾಕು. ತೋಟಾಗಳನ್ನು ತಗಡಿನ ಮಾಡಿನ ಕೆಳಗೆ, ಕಾದ ಟ್ರಂಕಿನಲ್ಲಿ ಇಡಬೇಡಿ.

ಮಹಾನವಮಿಯ ಖಂಡೆ ಪೂಜೆಗೆ ಬಂದೂಕು ಇಡುವುದು ನಮ್ಮ ಪದ್ಧತಿ, ಇಡಬೇಕು. ಆದರೆ ನಿಂಬೆಹಣ್ಣನ್ನು ನಳಿಗೆಯ ಮೇಲೆ ಹಿಂಡಬೇಡಿ, ಅದರ ಹುಳಿ ನೀಲಿ ಬಣ್ಣವನ್ನು ತಿಂದು ಕೆಳಗಿನ ಉಕ್ಕನ್ನು ಬಯಲು ಮಾಡುತ್ತದೆ. ಒದ್ದೆ ಕುಂಕುಮ, ಅರಿಶಿನ ಕುಂದಾದ ಮೇಲೆ ಹಚ್ಚಿ, ಉಕ್ಕಿಗೆ ಬೇಡ. ಹೂವಿನ ಹಾರ ಸಂಜೆಯೇ ತೆಗೆದು ಮೈ ಒರೆಸಿ ಎಣ್ಣೆ ಕೈ ಆಡಿಸಿ. ಹಬ್ಬಕ್ಕೋ ಮದುವೆಗೋ ಸಂಭ್ರಮದ ಗುಂಡು ಹಾರಿಸುವುದಂತೂ ಅಪರಾಧ: ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ಅದಕ್ಕೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಕಾಗದಪತ್ರ ಮತ್ತು ಠಾಣೆ

ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಲು ಕೊಡಗಿನವರಿಗಿರುವ ವಿನಾಯಿತಿ ನಮಗಿಲ್ಲ. ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಅದರಲ್ಲಿ ಯುಐಎನ್ (ಲೈಸೆನ್ಸ್‌ದಾರನ ವಿಶಿಷ್ಟ ಗುರುತಿನ) ಸಂಖ್ಯೆ ಇರಬೇಕು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 5 ವರ್ಷವಾಗಿದೆ, ಒಬ್ಬರಿಗೆ ಗರಿಷ್ಠ 2 ಬಂದೂಕು. ಲೈಸೆನ್ಸ್‌ದಾರ ತೀರಿಕೊಂಡರೆ ಬಂದೂಕು ತಾನಾಗಿ ಮಗನದಾಗುವುದಿಲ್ಲ. ಅದನ್ನು ಠಾಣೆಗೆ ಅಥವಾ ಲೈಸೆನ್ಸ್ ಇರುವ ಡೀಲರ್‌ಗೆ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ದುಃಖದ ಮನೆಯಲ್ಲಿ ಈ ಮಾತು ಯಾರಿಗೂ ನೆನಪಾಗುವುದಿಲ್ಲ, ಹಾಗಾಗಿ ಈಗಲೇ ಮನೆಯವರಿಗೆ ಹೇಳಿಡಿ. ಯಾದಗಿರಿ ಕಲಬುರಗಿಯಿಂದ ಬೇರೆ ಜಿಲ್ಲೆಯಾದ ಮೇಲೆ ಸುರಪುರ, ಶಹಾಪುರ ಕಡೆಯವರ ಹಳೆ ಪುಸ್ತಕಗಳಲ್ಲಿ ಕಲಬುರಗಿಯ ಮುದ್ರೆ ಇದ್ದರೆ ದಾಖಲೆ ಯಾದಗಿರಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸೇರಿದೆಯೇ ಎಂದು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ನಳಿಗೆ ಕೊಯ್ದು ಗಿಡ್ಡ ಮಾಡಿಸುವ ಯೋಚನೆ ಬೇಡ, ಅದು ಕಾಯ್ದೆಯ 6ನೇ ಕಲಮಿನಡಿ ಬರುವ ಅಪರಾಧ. ಬಂದೂಕು ಇದೆಯೆಂದು ಕಾಡುಪ್ರಾಣಿ ಹೊಡೆಯುವ ಹಕ್ಕೂ ಬರುವುದಿಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಇದೆ.

ಚುನಾವಣೆ ಘೋಷಣೆಯಾದಾಗ ಬಂದೂಕನ್ನು ಠಾಣೆಯಲ್ಲಿ ಠೇವಣಿ ಇಡಲು ಸೂಚನೆ ಬರುತ್ತದೆ. ಅಲ್ಲಿ ಅದು ವಾರಗಟ್ಟಲೆ ಇತರ ಬಂದೂಕುಗಳ ಜೊತೆ ಒರಗಿ ನಿಲ್ಲುತ್ತದೆ, ಯಾರೂ ಒರೆಸುವುದಿಲ್ಲ. ಒಯ್ಯುವ ಹಿಂದಿನ ದಿನ ನಳಿಗೆಗೆ ಎಂದಿಗಿಂತ ತುಸು ದಪ್ಪವಾಗಿ ಎಣ್ಣೆ ಹಚ್ಚಿ, ಹತ್ತಿ ಬಟ್ಟೆಯ ಚೀಲ ಹಾಕಿ, ಹೆಸರು ಮತ್ತು ಬಂದೂಕಿನ ನಂಬರ್ ಬರೆದ ಚೀಟಿಯನ್ನು ಟ್ರಿಗರ್ ಗಾರ್ಡ್‌ಗೆ ಕಟ್ಟಿ. ಕುಂದಾ, ನಳಿಗೆ, ಮುದ್ರೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ರಸೀದಿ ಇಲ್ಲದೆ ಬರಬೇಡಿ. ಮರಳಿ ಪಡೆಯುವಾಗ ಅಲ್ಲೇ ತೆರೆದು ಎರಡೂ ಚೇಂಬರ್ ನೋಡಿ, ನಳಿಗೆಯ ನಂಬರ್ ಮತ್ತು ಯಂತ್ರದ ಮೇಲಿನ ನಂಬರ್ ಎರಡನ್ನೂ ಪುಸ್ತಕದೊಂದಿಗೆ ತಾಳೆ ಹಾಕಿ, ಹೊಸ ಗಾಯ ಇದ್ದರೆ ಠಾಣಾಧಿಕಾರಿಯ ಮುಂದೆಯೇ ಬರೆಸಿ. ಮನೆಗೆ ಬಂದ ದಿನವೇ ಹಳೆ ಎಣ್ಣೆ ಪೂರ್ತಿ ಒರೆಸಿ ಹೊಸದಾಗಿ ತೆಳುವಾಗಿ ಹಚ್ಚಿಡಿ.